ಕುದುರೆ ಟ್ರೇಲರಿನ ಮುಂಗೋಣೆ

ಟಕರ್ ಕ್ರೀಕ್, ಪೂರ್ವ ಆರೆಗಾನ್
ಮೇ 24, 1992

ಪ್ರೀತಿಯ ಟ್ವೈಲಾ,

ಆ ಟ್ರೇಲರನ್ನು ಇನ್ನೊಂದು ಸಲ ರಸ್ತೆಗಿಳಿಸಿದರೆ ನನಗೆ ಕಾಗದ ಬರೆಯಲೇಬೇಡ ಎಂದು ನೀನು ಹೇಳಿ ಹೋದೆ. ಇನ್ನೂ ಇಳಿಸಿಲ್ಲ. ಹಾಗಾಗಿ ಬರೆಯುವ ಹಕ್ಕು ಉಳಿದಿದೆ ಅಂದುಕೊಂಡಿದ್ದೇನೆ.

ನೀನು ಕಾಲ್ಡರ್ ಪಾಯಿಂಟ್ ತಲುಪಿ ಕಾಡ್ಗಿಚ್ಚಿನ ಕಾವಲು ಗೋಪುರದ ಬೀಗ ತೆಗೆದೆ ಎಂದು ಅರಣ್ಯ ಕಚೇರಿಯವರು ಫೋನ್ ಮಾಡಿ ತಿಳಿಸಿದರು. ಎರಡು ವಾರಕ್ಕೊಮ್ಮೆ ಹೇಸರಗತ್ತೆಗಳ ಮೇಲೆ ನಿನ್ನ ದಿನಸಿ ಬರುವಾಗ ಅಂಚೆಯೂ ಬರುತ್ತದಂತೆ. ಅಂದರೆ ನಾನು ಏನು ಬರೆದರೂ ನೀನು ಬೇಡ ಎನ್ನುವಷ್ಟರಲ್ಲಿ ಇಲ್ಲಿ ಕೆಲಸ ಮುಗಿದಿರುತ್ತದೆ. ಈ ಏರ್ಪಾಡು ನನಗೆ ಹಿಡಿಸಿತು.

ಹೆಗಲ ಮೂಳೆ ಪೂರ್ತಿ ಕೂಡಿದೆ. ಮೊನ್ನೆ ಒಂದು ಕಟ್ಟು ಹುಲ್ಲನ್ನು ಒಬ್ಬಳೇ ಎತ್ತಿ ಅಟ್ಟಕ್ಕೆ ಹಾಕಿದೆ. ಟ್ರಕ್ಕಿನ ಕೀಲಿಕೈಯನ್ನು ನೀನು ಹಿಟ್ಟಿನ ಡಬ್ಬದ ತಳದಲ್ಲಿ ಹೂತಿಟ್ಟು ಹೋಗಿದ್ದೆ. ಈ ಮನೆಯಲ್ಲಿ ಬ್ರೆಡ್ ಮಾಡುವವಳು ಯಾರು ಎಂಬುದನ್ನು ಮರೆತೆಯಾ?

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಅಕ್ಟೋಬರಿನಲ್ಲಿ ನಾನು ಗಾಡಿ ಸಮೇತ ಹಳ್ಳಕ್ಕೆ ಬಿದ್ದದ್ದು ಟ್ರೇಲರಿನ ತಪ್ಪಲ್ಲ, ಬಿಸ್ಕಿಟ್ ಕುದುರೆಯದ್ದಂತೂ ಅಲ್ಲವೇ ಅಲ್ಲ. ಐವತ್ತು ಮೈಲಿಯ ಕುದುರೆ ಸವಾರಿ ಸ್ಪರ್ಧೆ ಮುಗಿಸಿದ ದಿನವೇ ಮನೆಗೆ ಹೊರಟೆ, ದಾರಿಯಲ್ಲಿ ಕಣ್ಣು ಮುಚ್ಚಿತು, ಅಷ್ಟೆ. ಇಪ್ಪತ್ತು ಚಳಿಗಾಲ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದವಳು ನಾನು. ಒಂದು ಸಲವೂ ರಸ್ತೆ ಬಿಟ್ಟಿರಲಿಲ್ಲ. ಸವಾರಿಯ ದಿನ ಅಲ್ಲೇ ಮಲಗಿ ಮರುದಿನ ಹೊರಟಿದ್ದರೆ ಆಗಲೂ ಬಿಡುತ್ತಿರಲಿಲ್ಲ.

ಆದ್ದರಿಂದ ಅಲ್ಲೇ ಮಲಗುವ ವ್ಯವಸ್ಥೆ ಮಾಡುತ್ತಿದ್ದೇನೆ. ಟ್ರೇಲರಿನ ಮುಂದಿನ ಮೂತಿಯಲ್ಲಿ, ಕುದುರೆ ನಿಲ್ಲುವ ಜಾಗಕ್ಕೂ ಟ್ರಕ್ಕಿನ ಕೊಂಡಿಗೂ ನಡುವೆ, ಜೀನು ನೇತುಹಾಕಿ ಬಟ್ಟೆ ಬದಲಿಸುವ ಕೋಣೆ ಇದೆಯಲ್ಲ, ಅದರಲ್ಲಿ ಹಾಸಿಗೆ. ಪಕ್ಕದ ಮನೆಯ ಎಲ್ಡನ್ ವೆಲ್ಡಿಂಗ್ ಮಾಡಿಕೊಡಲು ಒಪ್ಪಿದ್ದಾನೆ. ಮೊದಲು ಬಾಗಿಲಲ್ಲಿ ನಿಂತು ಒಳಗೆ ಇಣುಕಿ ಹೇಳಿದ, "ಆರ್ಡಿತ್, ಇದನ್ನ ಕೋಣೆ ಅಂತ ಕರೆಯೋದಾದ್ರೆ ನನ್ನ ಬೀರೂನ ಬಂಗ್ಲೆ ಅನ್ಬೇಕಾಗುತ್ತೆ."

ಬಿಸ್ಕಿಟ್ ಕ್ಷೇಮ. ಹಿಂಗಾಲಿನ ಗಾಯದ ಮೇಲೆ ಕೂದಲು ಬಂದಿದೆ, ಬಿಳಿ ಕೂದಲು.

ನಿನ್ನ ಅಮ್ಮ,
ಆರ್ಡಿತ್


ಟಕರ್ ಕ್ರೀಕ್
ಜೂನ್ 9

ಟ್ವೈಲಾ,

ನಿನ್ನಿಂದ ಕಾಗದವಿಲ್ಲ. ಹೇಸರಗತ್ತೆಗಳು ನಿಧಾನ ಎಂದುಕೊಂಡು ಸುಮ್ಮನಿದ್ದೇನೆ.

ಕೋಣೆಯನ್ನು ಬೋಳು ಮಾಡಿದ್ದಾಯಿತು. ಜೀನಿನ ಗೂಟಗಳನ್ನು ಎಲ್ಡನ್ ಕತ್ತರಿಸಿ ತೆಗೆದ. ಹಳೆಯ ರಬ್ಬರ್ ಹಾಸು ಎತ್ತಿದರೆ ಕೆಳಗೆ ಇಲಿಗಳ ಸಂಸಾರ. ತೊಳೆದು ಒಣಗಿಸಲು ಒಂದು ವಾರ ಹಿಡಿಯಿತು. ಈಗ ನೋಡಿದರೆ ಎಷ್ಟು ದೊಡ್ಡದು ಕಾಣುತ್ತದೆ ಗೊತ್ತಾ? ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತದೆ, ಆದರೆ ಚಾಚಿದ ಕೈಯನ್ನು ಸ್ವಲ್ಪ ಮಡಿಸಬೇಕು.

ಹಾಸಿಗೆ ಎಷ್ಟುದ್ದ ಇರಬೇಕು ಎಂಬ ವಾದ ಎದ್ದಿತು. ಎಲ್ಡನ್ ಅಳತೆಪಟ್ಟಿ ಹುಡುಕುತ್ತಿದ್ದ. ನಾನು ಅವನ ಶೆಡ್ಡಿನ ನೆಲದ ಮೇಲೆ ಮಲಗಿಬಿಟ್ಟೆ. "ಬರಿ" ಎಂದೆ. ಸೀಮೆಸುಣ್ಣ ಹಿಡಿದು ನನ್ನ ಸುತ್ತ ಗೀಟು ಎಳೆದ. ಅಷ್ಟರಲ್ಲಿ ಅಂಚೆಯವಳು ಬಂದಳು. ಶವದ ಸುತ್ತ ಪೊಲೀಸರು ಎಳೆಯುವ ಗೀಟು ಕಂಡವಳಂತೆ ಬಾಗಿಲಲ್ಲೇ ನಿಂತುಬಿಟ್ಟಳು. ಎಲ್ಡನ್ ಗಂಭೀರವಾಗಿ "ಇನ್ನೂ ಉಸ್ರಾಡ್ತಿದಾಳೆ, ನಾಳೆ ಬಾ" ಎಂದ.

ತೀರ್ಮಾನ ಇಷ್ಟು: ಒಂದು ಪಕ್ಕದ ಗೋಡೆಯ ಉದ್ದಕ್ಕೆ ಪ್ಲೈವುಡ್ ಹಲಗೆ, ಒಂದು ಅಂಚಿಗೆ ಬಿಜಾಗರಿ. ಹಗಲಲ್ಲಿ ಎತ್ತಿ ಗೋಡೆಗೆ ಸಿಕ್ಕಿಸಿದರೆ ಬಟ್ಟೆ ಬದಲಿಸಲು ಜಾಗ, ಮಲಗುವಾಗ ಇಳಿಸಿದರೆ ಮಂಚ. ಜೀನು ಮಂಚದ ಕೆಳಗೆ. ತಗಡಿನ ಗೋಡೆ ಮುಂಜಾನೆ ಒಳಗಡೆ ಬೆವರುತ್ತದೆ, ಹಾಸಿಗೆ ಒದ್ದೆಯಾಗುತ್ತದೆ ಎಂದು ಎಲ್ಡನ್ ಎಚ್ಚರಿಸಿದ. ಅದಕ್ಕೆ ಒಳಮೈಗೆ ಫೋಮ್ ಹಲಗೆ ಅಂಟಿಸಿ ಮೇಲೆ ತೆಳು ಮರ ಹೊಡೆಯುತ್ತಿದ್ದೇವೆ.

ಸೆಪ್ಟೆಂಬರ್ ಕೊನೆಯ ಶನಿವಾರ ನಿನ್ನ ಬೆಟ್ಟದ ಆಚೆ ಬದಿಯಲ್ಲಿ, ಐಡಾಹೋದಲ್ಲಿ, ಇಪ್ಪತ್ತೈದು ಮೈಲಿಯ ಸವಾರಿ ಇದೆ. ಐವತ್ತಲ್ಲ, ಇಪ್ಪತ್ತೈದು. ಹೆಸರು ಕೊಟ್ಟಿದ್ದೇನೆ.

ಅಮ್ಮ


ಕಾಲ್ಡರ್ ಪಾಯಿಂಟ್ ಕಾವಲು ಗೋಪುರ, ಐಡಾಹೋ
ಜೂನ್ 20

ಅಮ್ಮ,

ಆ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹಿಡಿಯೇ ಇಲ್ಲ. ಅದನ್ನು ಜೀನು ಇಡಲು ಮಾಡಿದ್ದು, ಮನುಷ್ಯರನ್ನು ಇಡಲು ಅಲ್ಲ. ಹೊರಗಿನ ಚಿಲಕ ಬಿದ್ದರೆ ಒಳಗೇ ಉಳಿಯುತ್ತೀಯ. ಬೇರೆ ಏನು ಮಾಡುವುದಕ್ಕೂ ಮುಂಚೆ ಒಳಗಿನಿಂದ ತೆರೆಯುವ ಚಿಲಕ ಹಾಕಿಸು.

ಗಾಳಿಕಿಂಡಿ ಎರಡು ಬೇಕು, ಮೇಲೊಂದು ಕೆಳಗೊಂದು. ಎಷ್ಟೇ ಚಳಿಯಿದ್ದರೂ ಒಳಗೆ ಗ್ಯಾಸಿನ ಹೀಟರ್ ಹಚ್ಚಕೂಡದು, ಇನ್ನೊಂದು ಕಂಬಳಿ ಹೊದ್ದುಕೋ. ಕುದುರೆಯನ್ನು ಟ್ರೇಲರಿಗೆ ಕಟ್ಟಿದರೆ ಅದು ಎಳೆದಾಗಲೆಲ್ಲ ಇಡೀ ಗಾಡಿ ಜೋಲಾಡುತ್ತದೆ. ಮೂಲೆಗಳಿಗೆ ಜಾಕ್ ಕೊಟ್ಟು ಚಕ್ರಕ್ಕೆ ಮರದ ತುಂಡು ಅಡ್ಡ ಇಡು. ಬಿಜಾಗರಿ ಒಂದು ಉದ್ದ ಪಟ್ಟಿಯದ್ದೇ ಇರಲಿ, ಬಿಡಿಬಿಡಿಯಾಗಿ ಎರಡು ಹಾಕಿದರೆ ಹಲಗೆ ನಡುವಲ್ಲಿ ಬಾಗುತ್ತದೆ.

ಇದನ್ನು ಒಪ್ಪಿಗೆ ಎಂದುಕೊಳ್ಳಬೇಡ.

ಟ್ವೈಲಾ


ಟಕರ್ ಕ್ರೀಕ್
ಜುಲೈ 5

ಪ್ರೀತಿಯ ಟ್ವೈಲಾ,

ಒಪ್ಪಿಗೆ ಎಂದುಕೊಂಡಿಲ್ಲ. ಆದರೆ ಕಾಗದವನ್ನು ಎಲ್ಡನ್‌ಗೆ ಎರಡು ಸಲ ಓದಿ ಹೇಳಿದೆ. "ಇವಳು ಅಲ್ಲಿ ಕೂತ್ಕೊಂಡು ಮರ ಕಾಯೋ ಬದ್ಲು ಇಲ್ಲಿ ಬಂದು ನನ್ನನ್ನ ಕಾಯ್ಬಾರ್ದಾ" ಎಂದು ಗೊಣಗಿದ. ಬಿಡಿ ಬಿಜಾಗರಿ ಬಿಚ್ಚಿ ಉದ್ದ ಪಟ್ಟಿ ಹಾಕಿದ.

ಚಿಲಕದ ವಿಷಯದಲ್ಲಿ ನಿನ್ನ ಕಾಗದ ನಾಲ್ಕು ದಿನ ತಡವಾಗಿ ಬಂತು. ಮಂಚ ಇಳಿಸಿ ಹೇಗಿದೆ ನೋಡೋಣ ಎಂದು ಮಧ್ಯಾಹ್ನ ಸುಮ್ಮನೆ ಮಲಗಿದ್ದೆ. ಗಾಳಿ ಬೀಸಿತು, ಬಾಗಿಲು ಬಡಿಯಿತು, ಹೊರಗಿನ ಚಿಲಕ ತಾನಾಗಿ ಬಿತ್ತು. ತಳ್ಳಿದೆ, ಒದ್ದೆ. ಕಿಟಕಿಯಲ್ಲಿ ತಲೆ ತೂರುತ್ತದೆ, ಮಿಕ್ಕದ್ದು ತೂರುವುದಿಲ್ಲ. ಬಿಸಿಲಿಗೆ ತಗಡು ಕಾದು ಒಳಗೆ ಒಲೆಯ ಹಾಗಾಯಿತು. ಕೈಗೆ ಸಿಕ್ಕಿದ್ದು ಕುದುರೆಯ ಗೊರಸು ಕೆರೆಯುವ ಕೊಕ್ಕೆ. ಅದರಲ್ಲಿ ಗೋಡೆಗೆ ಬಡಿಯುತ್ತಾ ಕೂತೆ. ಬಿಸ್ಕಿಟ್ ನನಗಿಂತ ಜೋರಾಗಿ ಕೆನೆಯಿತು. ಕೊನೆಗೆ ಎಲ್ಡನ್ ಹೊಳೆ ದಾಟಿ ಬಂದ.

"ಒಳಗ್ಯಾರು?" ಎಂದ.

"ಇನ್ಯಾರಿರ್ತಾರೆ, ತೆಗಿಯೋ."

"ಬಾಡಿಗೆ ಕೊಟ್ಟಿದೀಯಾ?"

ನಗುತ್ತಲೇ ತೆಗೆದವನು ನನ್ನ ಮುಖ ನೋಡಿದ ಮೇಲೆ ನಗಲಿಲ್ಲ. ನೀರು ತಂದು ಕೊಟ್ಟ. ನಾನು ಕುಡಿಯುತ್ತಿರುವಾಗಲೇ ಮನೆಗೆ ಹೋಗಿ ವೆಲ್ಡಿಂಗ್ ಸಾಮಾನು ತಂದು, ಒಳಗಿನಿಂದ ತೆರೆಯುವ ಹಿಡಿ ಹಾಕಿದ.

ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ನೀನು ಅಲ್ಲಿಂದ ಕಂಡದ್ದು ಇಲ್ಲಿ ನಡೆದೇಬಿಟ್ಟಿತಲ್ಲ, ಆ ಲೆಕ್ಕ ನಿನಗೆ ಸೇರಬೇಕಾದದ್ದು.

ಗಾಳಿಕಿಂಡಿ ಎರಡೂ ಆಯಿತು. ಅಂಗಳದಲ್ಲೇ ನಿಲ್ಲಿಸಿ ಮೂರು ದಿನದಿಂದ ಅದರಲ್ಲೇ ಮಲಗುತ್ತಿದ್ದೇನೆ. ಗೋಡೆಯಾಚೆ ಬಿಸ್ಕಿಟ್ ಹುಲ್ಲು ಅಗಿಯುವ ಸದ್ದು ಕೇಳುತ್ತಾ ನಿದ್ದೆ ಬರುತ್ತದೆ. ನಿನ್ನ ಅಪ್ಪ ಹೋದ ಮೇಲೆ ಇಷ್ಟು ಚೆನ್ನಾಗಿ ಮಲಗಿದ್ದು ನೆನಪಿಲ್ಲ.

ಅಮ್ಮ


ಕಾಲ್ಡರ್ ಪಾಯಿಂಟ್
ಜುಲೈ 19

ಅಮ್ಮ,

ನಿನ್ನ ಕಾಗದ ಓದಿ ಗೋಪುರದ ಸುತ್ತಿನ ಅಟ್ಟಣೆಯ ಮೇಲೆ ಬಹಳ ಹೊತ್ತು ನಡೆದಾಡಿದೆ. ನನಗೆ ಸೇರಬೇಕಾದ ಲೆಕ್ಕ ಅಂದೆ. ಬೇಡ. ನಾನು ಸರಿ ಅನ್ನಿಸಿಕೊಳ್ಳುವುದಕ್ಕೆ ನೀನು ಸಾಯುವ ಹತ್ತಿರ ಹೋಗಬೇಕಾಗಿಲ್ಲ.

ಇಲ್ಲಿ ಒಣಗಿದೆ. ಪ್ರತಿ ಸಂಜೆ ಮೋಡ ಕಟ್ಟುತ್ತದೆ, ಸಿಡಿಲು ಹೊಡೆಯುತ್ತದೆ, ಹನಿ ಬೀಳುವುದಿಲ್ಲ. ಈ ವಾರ ಐದು ಕಡೆ ಹೊಗೆ ಕಂಡು ರೇಡಿಯೋದಲ್ಲಿ ತಿಳಿಸಿದ್ದೇನೆ. ಬೆಂಕಿ ಆರಿಸುವವರು ಬಂದು ಆರಿಸಿ ಹೋಗುತ್ತಾರೆ, ನಾನು ಮತ್ತೆ ದುರ್ಬೀನು ಹಿಡಿಯುತ್ತೇನೆ. ನಾನು ಮಾಡಬಲ್ಲ ಕೆಲಸ ಇದೊಂದೇ ಎನ್ನಿಸುತ್ತದೆ. ದೂರದಿಂದ ನೋಡುವುದು, ಬೇಗ ಹೇಳುವುದು.

ಅಕ್ಟೋಬರಿನಲ್ಲಿ ನನಗೆ ಫೋನ್ ಬಂದಾಗ ಅವರು ಹೇಳಿದ್ದು ಅಪಘಾತ ಎಂದಷ್ಟೇ. ಆಸ್ಪತ್ರೆಯಲ್ಲಿ ಒಬ್ಬ ಪೊಲೀಸಿನವನು ನಿನ್ನ ಕೋಟು ಮತ್ತು ಬೂಟು ಇದ್ದ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗೆ ಕೊಟ್ಟ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೀನು ಇದ್ದೀಯೋ ಇಲ್ಲವೋ ಎಂದು ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ. ಚಳಿಗಾಲವಿಡೀ ನಿನ್ನ ಮನೆಯಲ್ಲಿದ್ದು ಜಗಳವಾಡಿದೆನೇ ಹೊರತು ಇದನ್ನು ಹೇಳಲಿಲ್ಲ.

ಮಂಚ ಚೆನ್ನಾಗಿ ಮಾಡಿದ್ದೀರಿ, ಒಪ್ಪುತ್ತೇನೆ. ಈಗ ಅದನ್ನು ಮಾರಿಬಿಡು. ಇಂಥದ್ದು ಬೇಕೆನ್ನುವವರು ಬೇಕಾದಷ್ಟು ಜನ ಇದ್ದಾರೆ. ಬಿಸ್ಕಿಟ್ ಮೇಲೆ ಮನೆಯ ಸುತ್ತ ಸವಾರಿ ಮಾಡು, ಹೊಳೆಯ ದಂಡೆಯಲ್ಲಿ ಮಾಡು. ರಸ್ತೆ ಬೇಡ. ನನ್ನ ಮಾತು ಬದಲಾಗಿಲ್ಲ.

ಟ್ವೈಲಾ


ಕೌಂಟಿ ಜಾನುವಾರು ಮೇಳದ ಬಯಲು
ಆಗಸ್ಟ್ 14

ಪ್ರೀತಿಯ ಟ್ವೈಲಾ,

ನಾನು ಕ್ಷೇಮ, ಬಿಸ್ಕಿಟ್ ಕ್ಷೇಮ, ಎಲ್ಡನ್ ಕ್ಷೇಮ. ರೇಡಿಯೋದಲ್ಲಿ ನಿನಗೆ ತಿಳಿಸುತ್ತೇವೆ ಎಂದು ಅರಣ್ಯದವರು ಮಾತು ಕೊಟ್ಟಿದ್ದರು, ತಿಳಿಸಿರಬೇಕು. ಮನೆ ಕಾಡ್ಗಿಚ್ಚಿಗೆ ಹೋಯಿತು. ಇದನ್ನು ನಾನೇ ಹೇಳಬೇಕು ಎಂದು ಅವರಿಗೆ ಹೇಳಬೇಡಿ ಎಂದಿದ್ದೆ.

ಬೆಂಕಿ ಪಶ್ಚಿಮದ ದಿಬ್ಬ ಹತ್ತಿದ್ದು ಭಾನುವಾರ. ಸೋಮವಾರ ನಾನು ತಿಂಡಿ ತಿಂದ ತಟ್ಟೆ ತೊಳೆಯುತ್ತಿರುವಾಗ ಶೆರಿಫ್‌ನ ಕಡೆಯ ಪೊಲೀಸಿನವನು ಬಂದ. "ಮೇಡಂ, ಈಗ್ಲೇ ಹೊರಡಿ, ತಟ್ಟೆ ಹಾಗೇ ಬಿಡಿ" ಎಂದ. ಬಿಸ್ಕಿಟ್ ತಾನಾಗಿ ಟ್ರೇಲರ್ ಹತ್ತಿತು. ಎಲ್ಡನ್‌ನ ಮುದಿ ಹೇಸರಗತ್ತೆಯದ್ದೇ ರಗಳೆ. ಅವನ ಹತ್ತಿರ ಟ್ರೇಲರಿಲ್ಲ, ಅದನ್ನು ಬಿಟ್ಟು ತಾನೂ ಬರುವುದಿಲ್ಲ ಎಂದು ಕೂತ. ಅದು ನಾಲ್ಕು ಕಾಲನ್ನೂ ಊರಿ ನಿಂತಿತು. ಎಲ್ಡನ್ ಮುಂದೆ ಎಳೆದ, ನಾನು ಹಿಂದಿನಿಂದ ತಳ್ಳಿದೆ. "ಹತ್ತೇ ತಾಯಿ, ನಿನಗೂ ಹಾಸಿಗೆ ಹಾಸಿಕೊಡ್ತೀನಿ" ಎಂದು ಅವನು ಅದರ ಕಿವಿಯಲ್ಲಿ ಬೇಡಿಕೊಳ್ಳುತ್ತಿದ್ದ. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅದಕ್ಕೂ ಬುದ್ಧಿ ಬಂತು.

ಕಣಿವೆಯ ರಸ್ತೆಯಲ್ಲಿ ಹಗಲಲ್ಲೇ ದೀಪ ಹಾಕಿಕೊಂಡು ಇಳಿದೆ. ಮುಂದಿನ ಗಾಡಿಯ ಕೆಂಪು ದೀಪವೂ ಕಾಣದಷ್ಟು ಹೊಗೆ. ಹಿಮಗಾಳಿಯಲ್ಲಿ ಲಾರಿ ಓಡಿಸಿದ್ದು ಅವತ್ತು ಉಪಯೋಗಕ್ಕೆ ಬಂತು. ರಸ್ತೆಯ ಬಲ ಅಂಚನ್ನು ನೋಡುತ್ತಾ, ಅವಸರ ಮಾಡದೆ, ಬ್ರೇಕನ್ನು ತಟ್ಟನೆ ಒತ್ತದೆ ಬಂದೆ. ಪಕ್ಕದ ಸೀಟಿನಲ್ಲಿ ಎಲ್ಡನ್ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಡಾಂಬರು ರಸ್ತೆಗೆ ಸೇರಿದ ಮೇಲೆ "ಆರ್ಡಿತ್, ನೀನು ಒಂದ್ಸಲವೂ ಕಣ್ಣು ಮಿಟುಕಿಸ್ಲಿಲ್ಲ" ಎಂದ.

ಈಗ ಇಲ್ಲಿ ಹತ್ತಾರು ಮನೆಯವರು, ಅವರ ದನ ಕುರಿ ಕೋಳಿ ಎಲ್ಲ ಒಟ್ಟಿಗಿದ್ದೇವೆ. ಜನ ಸಭಾಂಗಣದ ನೆಲದ ಮೇಲೆ ಸಾಲಾಗಿ ಮಲಗುತ್ತಾರೆ. ನಾನು ನನ್ನ ಮುಂಗೋಣೆಯಲ್ಲಿ, ನನ್ನ ಮಂಚದ ಮೇಲೆ, ಬಿಸ್ಕಿಟ್ ಕೈಗೆಟುಕುವಷ್ಟು ಹತ್ತಿರದಲ್ಲಿ ಮಲಗುತ್ತೇನೆ. ಮೊದಲ ಎರಡು ದಿನ ಕೈಗೂಸಿದ್ದ ಒಬ್ಬ ತಾಯಿಗೆ ಬಿಟ್ಟುಕೊಟ್ಟಿದ್ದೆ. ಅವಳ ಗಂಡ ಬಂದು ಕರೆದುಕೊಂಡು ಹೋದ.

ಬೆಂಕಿ ಹೊಳೆ ದಾಟಲಿಲ್ಲ. ಅಂದರೆ ಎಲ್ಡನ್‌ನ ಮನೆ ಉಳಿಯಿತು. ನನ್ನ ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ, ನೀನು ಹುಟ್ಟಿದಾಗ ನೆಟ್ಟ ಸೇಬಿನ ಮರ, ಏನೂ ಇಲ್ಲ. ಎಲ್ಡನ್ ತನ್ನ ಮನೆಗೆ ಹೋಗಲೇ ಒಲ್ಲ. ಟ್ರಕ್ಕಿನ ಸೀಟಿನ ಮೇಲೆ ಮುದುಡಿ ಮಲಗುತ್ತಾನೆ. "ನನ್ನದು ಉಳ್ಕೊಂತು ಅಂತ ನಿನ್ನ ಎದುರಿಗೆ ಹೆಂಗೆ ಹೋಗ್ಲಿ" ಎಂದು ಕೇಳಿದ. "ನಡ್ಕೊಂಡು ಹೋಗು. ಹೋಗಿ ಒಲೆ ಹಚ್ಚಿ ನನಗೊಂದು ಬಿಸಿ ಊಟ ತಗೊಂಡು ಬಾ" ಎಂದೆ.

ಹೋಗಿ ನೋಡಿ ಬಂದ ದಿನ ಸ್ವಲ್ಪ ಅತ್ತೆ. ಆಮೇಲೆ ಕುದುರೆಗೆ ನೀರು ಕೊಡುವ ಹೊತ್ತಾಯಿತು.

ನೀನು ಬರಬೇಡ. ಬಂದರೆ ಇಲ್ಲಿ ಬೂದಿ ನೋಡುತ್ತೀಯ, ಅಷ್ಟೆ. ಅಲ್ಲಿ ನೀನು ಕಂಡು ಹೇಳಿದರೆ ಇನ್ಯಾರದ್ದೋ ಮನೆ ಉಳಿಯುತ್ತದೆ. ಇದು ನನ್ನ ಮಾತು, ಇದೂ ಬದಲಾಗುವುದಿಲ್ಲ.

ಅಮ್ಮ


ಕಾಲ್ಡರ್ ಪಾಯಿಂಟ್
ಆಗಸ್ಟ್ 27

ಅಮ್ಮ,

ಟಕರ್ ಕ್ರೀಕ್ ಖಾಲಿ ಮಾಡಿಸುತ್ತಿದ್ದಾರೆ ಎಂದು ರೇಡಿಯೋದಲ್ಲಿ ಬೇರೆ ಯಾರೋ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನೀನು ಸುರಕ್ಷಿತ ಎಂಬ ಮಾತು ಬಂದದ್ದು ಸಂಜೆಗೆ. ನಡುವಿನ ಹೊತ್ತಿನಲ್ಲಿ ಏನು ಮಾಡಿದೆ ಎಂದರೆ, ನಕ್ಷೆಯ ಮೇಲೆ ನಮ್ಮ ಕಣಿವೆಯ ರಸ್ತೆಯನ್ನು ಬೆರಳಲ್ಲಿ ಹಿಡಿದು ನಿನ್ನ ಜೊತೆ ಇಳಿಯುತ್ತಾ ಕೂತಿದ್ದೆ.

ಮೇಲಧಿಕಾರಿ ನನ್ನ ಬದಲಿಗೆ ಇನ್ನೊಬ್ಬರನ್ನು ಕಳಿಸುತ್ತೇನೆ ಎಂದರು. ಚೀಲ ಕಟ್ಟಿಟ್ಟುಕೊಂಡು ಕಾಯುತ್ತಿದ್ದೆ. ಅಷ್ಟರಲ್ಲಿ ಹೇಸರಗತ್ತೆಗಳು ಬಂದವು, ನಿನ್ನ ಕಾಗದ ಬಂತು. ಚೀಲ ಬಿಚ್ಚಿದೆ. ಇಲ್ಲೇ ಇರುತ್ತೇನೆ.

ಮಾರಿಬಿಡು ಎಂದು ಬರೆದಿದ್ದೆ. ನೀನು ಮಗಳ ಮಾತು ಕೇಳುವಂಥ ಅಮ್ಮನಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಬಿಸ್ಕಿಟ್ ಅಂಗಳದಲ್ಲಿ ನಿಂತಿರುತ್ತಿತ್ತು, ಅದನ್ನು ಬಿಟ್ಟು ನೀನು ಹೊರಡುತ್ತಿರಲಿಲ್ಲ. ಇದರ ಮುಂದೆ ಯೋಚಿಸಲು ಆಗಲಿಲ್ಲ.

ಸೇಬಿನ ಮರದ ವಿಷಯ ಓದಿ ಅತ್ತೆ, ಮನೆಗಲ್ಲ. ಯಾಕೋ ಗೊತ್ತಿಲ್ಲ.

ಸೆಪ್ಟೆಂಬರ್ ಕೊನೆಗೆ ಗೋಪುರ ಮುಚ್ಚುತ್ತಾರೆ. ಕಾಡುದಾರಿಯ ಬುಡದಿಂದ ನನ್ನನ್ನು ಕರೆದುಕೊಂಡು ಹೋಗಲು ಬರುತ್ತೀಯಾ? ನಿನ್ನ ಸವಾರಿಯೂ ಅಲ್ಲೇ ಹತ್ತಿರ. ಟ್ರೇಲರ್ ಸಮೇತ ಬಾ.

ಟ್ವೈಲಾ


ಟಕರ್ ಕ್ರೀಕ್, ಎಲ್ಡನ್ ಮನೆ
ಸೆಪ್ಟೆಂಬರ್ 12

ಪ್ರೀತಿಯ ಟ್ವೈಲಾ,

ಬರುತ್ತೇನೆ. ಶನಿವಾರ ಸವಾರಿ, ಭಾನುವಾರ ವಿಶ್ರಾಂತಿ, ಸೋಮವಾರ ಬೆಳಿಗ್ಗೆ ದಾರಿಯ ಬುಡದಲ್ಲಿರುತ್ತೇನೆ. ಬಿಸ್ಕಿಟ್ ಮೈ ತುಂಬಿಕೊಂಡಿದೆ, ಮೇಳದ ಬಯಲಿನಲ್ಲಿ ಊರವರೆಲ್ಲ ಸೇಬು ತಿನ್ನಿಸಿ ಕೆಡಿಸಿದ್ದಾರೆ.

ಚಳಿಗಾಲಕ್ಕೆ ಎಲ್ಡನ್ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟಿದ್ದಾನೆ. ಊರಲ್ಲಿ ಮಾತಾಡಿಕೊಳ್ಳುತ್ತಾರೆ ಎಂದು ಅವನಿಗೇ ನಾಚಿಕೆ. "ಈ ವಯಸ್ಸಲ್ಲಿ ನಮ್ಮ ಬಗ್ಗೆ ಮಾತಾಡ್ತಾರೆ ಅಂದ್ರೆ ಸಂತೋಷಪಡು" ಎಂದೆ. ವಸಂತದಲ್ಲಿ ಮನೆ ಕಟ್ಟುತ್ತೇನೆ. ಚಿಕ್ಕದು. ಮುಂಗೋಣೆಯಲ್ಲಿ ಇದ್ದು ನೋಡಿದ ಮೇಲೆ ನನಗೆ ಎಷ್ಟು ಸಾಕು ಎಂಬುದು ಗೊತ್ತಾಗಿದೆ. ನಿನಗೆಷ್ಟು ಬೇಕು ಎಂಬುದನ್ನು ನೀನೇ ಬಂದು ಹೇಳು.

ಅಮ್ಮ


ಸ್ಯಾಂಡ್‌ಪಾಯಿಂಟ್ ಹತ್ತಿರ, ಐಡಾಹೋ
ಅಕ್ಟೋಬರ್ 11

ಅಮ್ಮ,

ಸಸಿಗಳ ತೋಟದಲ್ಲಿ ಕೆಲಸಕ್ಕೆ ಸೇರಿದೆ. ಮಾರ್ಚ್‌ವರೆಗೆ ಇರುತ್ತದೆ. ಸುಟ್ಟ ಬೆಟ್ಟಗಳಿಗೆ ನೆಡುವ ಪೈನ್ ಸಸಿಗಳನ್ನು ಇಲ್ಲಿ ಬೆಳೆಸುತ್ತಾರೆ. ಮಾರ್ಚ್ ಆದ ಮೇಲೆ ಬಂದು ಮನೆ ಕಟ್ಟಲು ನಿಲ್ಲುತ್ತೇನೆ. ಮೊದಲು ಅಡಿಪಾಯ ಎಲ್ಲಿ ಎಂಬ ಜಗಳ ಆಡೋಣ.

ಎಲ್ಡನ್ ಮನೆಯಲ್ಲಿದ್ದ ಎರಡು ದಿನದಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಆ ಸೋಮವಾರ ನೀನು ದಾರಿಯ ಬುಡದಲ್ಲಿ ಟ್ರಕ್ಕಿಗೆ ಒರಗಿ ನಿಂತಿದ್ದೆ. ಸವಾರಿ ಮುಗಿಸಿದವರಿಗೆ ಕೊಡುವ ಟೊಪ್ಪಿಗೆ ತಲೆಯ ಮೇಲಿತ್ತು. ಪಶುವೈದ್ಯರು ಬಿಸ್ಕಿಟ್‌ನ ನಾಡಿ ನೋಡಿ ಎರಡು ಸಲ ಹೊಗಳಿದ್ದನ್ನು ನೀನು ನನ್ನನ್ನು ತಬ್ಬಿಕೊಳ್ಳುವ ಮೊದಲೇ ಹೇಳಿಬಿಟ್ಟೆ. ಗಾಡಿ ಹತ್ತುವಾಗ ನಾನು ಒಂದು ನಿರ್ಧಾರ ಮಾಡಿಕೊಂಡಿದ್ದೆ. ಮನೆ ಸೇರುವವರೆಗೆ ಕಣ್ಣು ಮುಚ್ಚುವುದಿಲ್ಲ, ನಿನ್ನನ್ನು ನೋಡುತ್ತಲೇ ಇರುತ್ತೇನೆ ಎಂದು. ನಾಲ್ಕು ತಿಂಗಳು ಇಡೀ ಕಾಡನ್ನು ಕಾದವಳಿಗೆ ಒಬ್ಬ ಹೆಂಗಸನ್ನು ಕಾಯುವುದು ಏನು ಮಹಾ ಎಂದುಕೊಂಡೆ. ಊಟಕ್ಕೆ ನಿಲ್ಲಿಸಿ ನೀನು ತಂದಿದ್ದ ಹ್ಯಾಮ್ ಸ್ಯಾಂಡ್‌ವಿಚ್ ತಿಂದೆವು. ಹೊರಟು ನದಿಯ ಪಕ್ಕದ ಎರಡನೇ ತಿರುವು ದಾಟುವಷ್ಟರಲ್ಲಿ ನಾನು ನಿದ್ದೆಹೋಗಿದ್ದೆ.

ಎಚ್ಚರವಾದಾಗ ಗಾಡಿ ನಿಂತಿತ್ತು. ಎಂಜಿನ್ ಆರಿತ್ತು. ನಿನ್ನ ಸೀಟು ಖಾಲಿ. ಹೊರಗೆ ಬಿಸಿಲು, ನದಿಯ ಸದ್ದು. ಬಾಗಿಲು ತೆಗೆದು ಇಳಿದೆ. ರಸ್ತೆಯಿಂದ ಸಾಕಷ್ಟು ಒಳಗೆ, ಮರಗಳ ನೆರಳಿಗೆ ನೀನು ಗಾಡಿ ನಿಲ್ಲಿಸಿದ್ದೆ. ಚಕ್ರಕ್ಕೆ ಅಡ್ಡ ಕೊಟ್ಟಿದ್ದೆ. ಬಿಸ್ಕಿಟ್ ನೆರಳಲ್ಲಿ ಹುಲ್ಲು ತಿನ್ನುತ್ತಾ ನನ್ನನ್ನು ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಮುಂಗೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೀನು ಮಲಗಿದ್ದೆ. ಟೊಪ್ಪಿಗೆ ಮುಖದ ಮೇಲಿತ್ತು, ಗೊರಕೆ ಹೊಡೆಯುತ್ತಿದ್ದೆ.

ಅದರ ಗೋಡೆಗಳನ್ನು ನಾನು ಮೊದಲ ಸಲ ನೋಡಿದ್ದು ಆಗ. ಕಾಗದದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಮರದ ಪಟ್ಟಿಗಳನ್ನು ಎಷ್ಟು ನೇರವಾಗಿ ಕೂಡಿಸಿದ್ದೀರಿ. ಕಿಟಕಿಗೆ ನೀನು ಹೊಲಿದ ಪರದೆ. ತುಂಬಾ ಹೊತ್ತು ಬಾಗಿಲಲ್ಲಿ ನಿಂತಿದ್ದೆ. ಎಬ್ಬಿಸಲಿಲ್ಲ. ಹೊರಗೆ ಸ್ಟವ್ ಹಚ್ಚಿ ಕಾಫಿಗೆ ನೀರಿಟ್ಟೆ. ಕಾಫಿ ಘಮಕ್ಕೋ ಏನೋ ನೀನೇ ಎದ್ದು ಬಂದೆ, ಕೂದಲು ಕೆದರಿಕೊಂಡು.

"ಕಣ್ಣು ಎಳೀತಿತ್ತು, ನಿಲ್ಸಿದೆ. ನೀನು ಹಾಯಾಗಿ ಮಲ್ಗಿದ್ದೆ, ಎಬ್ಬಿಸ್ಲಿಲ್ಲ" ಎಂದೆ ನೀನು. ಆಮೇಲೆ "ಸಕ್ಕರೆ ಹಾಕಿದೀಯಾ?" ಎಂದು ಕೇಳಿದೆ.

ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದರ ಬಗ್ಗೆ ಚಳಿಗಾಲದಿಂದ ಕಟ್ಟಿಟ್ಟುಕೊಂಡಿದ್ದ ಒಂದು ದೊಡ್ಡ ಮಾತು ನನ್ನ ಬಾಯಲ್ಲಿತ್ತು. ಅದನ್ನು ಆಡುವ ಅಗತ್ಯವೇ ಉಳಿಯಲಿಲ್ಲ. ಎರಡು ಚಮಚ ಹಾಕಿದ್ದೇನೆ ಎಂದೆ.

ಕುಡಿದು ಮುಗಿಸಿ ನೀನು ಗಾಡಿ ಎತ್ತಿದೆ. ಕಣಿವೆ ತೆರೆದುಕೊಂಡು ಗೋಧಿ ಹೊಲಗಳು ಶುರುವಾದವು. ನಾನು ಜಾಕೆಟ್ಟನ್ನು ಮಡಿಸಿ ಕಿಟಕಿಗೆ ಇಟ್ಟು, ತಲೆ ಆನಿಸಿ ಕಣ್ಣು ಮುಚ್ಚಿದೆ. ಊರು ಬರುವವರೆಗೆ ಮಲಗಿದ್ದೆ. ಬೆಟ್ಟದ ಮೇಲಿನ ದಣಿವು ಇನ್ನೂ ಇಳಿದಿಲ್ಲ ಎಂದು ನೀನು ಎಲ್ಡನ್‌ಗೆ ಹೇಳುತ್ತಿದ್ದುದು ಕೇಳಿಸಿತು. ಹಾಗಲ್ಲ ಅಮ್ಮ. ಎರಡನೇ ಸಲ ಬೇಕೆಂದೇ ಮಲಗಿದ್ದು.

ಪ್ರೀತಿಯಿಂದ,
ಟ್ವೈಲಾ